ಮಗುವಿನ ಅಸ್ತಮಾ ಮತ್ತು ನಗರದ ಗಾಳಿ: ಪೋಷಕರಿಗೆ ಒಂದು ಕೈಪಿಡಿ

2013ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ ತೀವ್ರ ಅಸ್ತಮಾದಿಂದ ತೀರಿಕೊಂಡಳು. ಹಗಲಿರುಳೂ ವಾಹನಗಳು ಹರಿಯುವ ದೊಡ್ಡ ರಸ್ತೆಯೊಂದರಿಂದ ಸುಮಾರು 25 ಮೀಟರ್ ದೂರದಲ್ಲಿ ಅವಳ ಮನೆಯಿತ್ತು. ಕೊನೆಯ ಮೂರು ವರ್ಷಗಳಲ್ಲಿ ಅವಳನ್ನು ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. 2020ರ ಡಿಸೆಂಬರಿನಲ್ಲಿ ಮುಗಿದ ಎರಡನೆಯ ಮರಣ ವಿಚಾರಣೆಯಲ್ಲಿ, ಆ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವೂ ಒಂದೆಂದು ಅಧಿಕೃತವಾಗಿ ದಾಖಲಾಯಿತು. ಅದೇ ತೀರ್ಮಾನದಲ್ಲಿ ಇನ್ನೊಂದು ಮಾತೂ ಇತ್ತು: ಕೆಟ್ಟ ಗಾಳಿ ಅಸ್ತಮಾವನ್ನು ಉಲ್ಬಣಗೊಳಿಸಬಲ್ಲದೆಂಬ ವಿಷಯವನ್ನು ತಾಯಿಗೆ ಯಾರೂ ತಿಳಿಸಿರಲಿಲ್ಲ, ತಿಳಿಸಿದ್ದರೆ ಆಕೆ ಕೈಗೊಳ್ಳುತ್ತಿದ್ದ ಕ್ರಮಗಳು ಬಹುಶಃ ಮಗಳನ್ನು ಉಳಿಸುತ್ತಿದ್ದವು.

ಆ ತಾಯಿಗೆ ಸಿಗದೆ ಹೋದ ತಿಳಿವಳಿಕೆ ಪ್ರತಿಯೊಂದು ಮನೆಗೂ ಸಿಗಬೇಕು ಎಂಬ ಕಾಳಜಿಯೇ ಈ ಬರಹಕ್ಕೆ ಕಾರಣ. ನಗರದ ಗಾಳಿಯನ್ನು ಒಂದು ಕುಟುಂಬ ಬದಲಿಸಲಾರದು. ಆದರೆ ಆ ಗಾಳಿಯಲ್ಲಿನ ವಿಷ ಎಷ್ಟು ಪ್ರಮಾಣದಲ್ಲಿ, ಯಾವ ಹೊತ್ತಿನಲ್ಲಿ ಮಗುವಿನ ಎದೆಯನ್ನು ಸೇರುತ್ತದೆ ಮತ್ತು ಅದು ಸೇರುವ ಹೊತ್ತಿಗೆ ಶ್ವಾಸನಾಳಗಳು ಶಾಂತವಾಗಿರುತ್ತವೆಯೋ ಆಗಲೇ ಕೆರಳಿರುತ್ತವೆಯೋ ಎಂಬುದರ ಮೇಲೆ ಮನೆಯವರಿಗೆ ಸಾಕಷ್ಟು ಹಿಡಿತವಿದೆ. ಈ ಎರಡರಲ್ಲಿ ಎರಡನೆಯದೇ ದೊಡ್ಡದು ಎಂಬುದು ನನ್ನ ದೃಢವಾದ ನಂಬಿಕೆ. ಮುಂದೆ ಹೇಳಿರುವುದನ್ನೆಲ್ಲ ವೈದ್ಯರ ಸಲಹೆಯ ಜೊತೆಯಲ್ಲಿಯೇ ಪಾಲಿಸಬೇಕು.

ಮಗುವಿನ ಎದೆಯೊಳಗೆ ನಡೆಯುವುದು

ಅಸ್ತಮಾ ಇರುವ ಮಗುವಿನ ಶ್ವಾಸನಾಳಗಳ ಒಳಪದರದಲ್ಲಿ, ಹೊರಗೆ ಯಾವ ಲಕ್ಷಣವೂ ಕಾಣದ ದಿನಗಳಲ್ಲಿಯೂ, ಸಣ್ಣ ಪ್ರಮಾಣದ ಉರಿಯೂತ ಇದ್ದೇ ಇರುತ್ತದೆ. ಕೆರಳಿಸುವ ವಸ್ತುವೊಂದು ಒಳಸೇರಿದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ನಾಳದ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಒಳಪದರ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ. ದಾರಿ ಕಿರಿದಾದಾಗ ಗಾಳಿ ಸುಯ್ಯೆನ್ನುತ್ತ ಹೊರಬರುತ್ತದೆ. ಅದನ್ನೇ ನಾವು ಉಬ್ಬಸದ ಸದ್ದಾಗಿ ಕೇಳುತ್ತೇವೆ. ಮಕ್ಕಳ ನಾಳಗಳು ಮೊದಲೇ ಕಿರಿದಾದ್ದರಿಂದ, ದೊಡ್ಡವರಲ್ಲಿ ಬರಿಯ ಕೆಮ್ಮಿಗೆ ಕಾರಣವಾಗುವಷ್ಟು ಊತವೇ ಅವರಲ್ಲಿ ಉಸಿರಿಗೆ ಅಡ್ಡಿಯಾಗಬಹುದು.

ಇದಲ್ಲದೆ ಮಗು ತನ್ನ ತೂಕದ ಪ್ರತಿ ಕಿಲೋಗೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇದಿಕೊಳ್ಳುತ್ತದೆ, ಹೆಚ್ಚು ಓಡಾಡುತ್ತದೆ, ಓಡುವಾಗ ಬಾಯಿಂದ ಉಸಿರಾಡಿ ಮೂಗಿನ ಸೋಸುವಿಕೆಯನ್ನು ತಪ್ಪಿಸಿಬಿಡುತ್ತದೆ. ಚಿಕ್ಕ ಮಗುವಿನ ಮೂಗು ವಾಹನಗಳ ಹೊಗೆ ಕೊಳವೆಯ ಎತ್ತರಕ್ಕೆ ಹತ್ತಿರವಿರುತ್ತದೆ. ಶ್ವಾಸಕೋಶದ ಬೆಳವಣಿಗೆ ಹರೆಯ ಮುಗಿಯುವವರೆಗೂ ನಡೆಯುತ್ತಲೇ ಇರುವುದರಿಂದ, ಬಾಲ್ಯದಲ್ಲಿ ಆದ ನಷ್ಟವನ್ನು ಅನಂತರ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ನಗರದ ಗಾಳಿಯಲ್ಲಿ ಮುಖ್ಯವಾಗಿ ಮೂರು ವಸ್ತುಗಳನ್ನು ಗುರುತಿಸಿಕೊಂಡರೆ ಸಾಕು. ಮೊದಲನೆಯದು ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಚಿಕ್ಕವಾದ ಇವು ಶ್ವಾಸಕೋಶದ ತೀರಾ ಆಳಕ್ಕೆ ಇಳಿಯುತ್ತವೆ. ಎರಡನೆಯದು ನೈಟ್ರೋಜನ್ ಡೈಆಕ್ಸೈಡ್. ಇದು ಹೆಚ್ಚಾಗಿ ಡೀಸೆಲ್, ಪೆಟ್ರೋಲ್ ಎಂಜಿನ್‌ಗಳಿಂದಲೂ ಗ್ಯಾಸ್ ಒಲೆಗಳಿಂದಲೂ ಬರುತ್ತದೆ. ಮೂರನೆಯದು ನೆಲಮಟ್ಟದ ಓಜೋನ್. ಇದನ್ನು ಯಾವ ಕೊಳವೆಯೂ ನೇರವಾಗಿ ಉಗುಳುವುದಿಲ್ಲ. ವಾಹನ ಮತ್ತು ಕಾರ್ಖಾನೆಗಳ ಅನಿಲಗಳ ಮೇಲೆ ಬಿಸಿಲು ಬಿದ್ದಾಗ ಗಾಳಿಯಲ್ಲಿಯೇ ಹುಟ್ಟುತ್ತದೆ. ಕಲ್ಲಿದ್ದಲು ಸುಡುವ ಊರುಗಳಲ್ಲಿ ಸಲ್ಫರ್ ಡೈಆಕ್ಸೈಡನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಈ ಮಾಲಿನ್ಯ ಇರುವ ಅಸ್ತಮಾವನ್ನು ಕೆರಳಿಸುತ್ತದೆ ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ. ಅಮೆರಿಕದ ಯೂಟಾ ಕಣಿವೆಯಲ್ಲಿ 1986-87ರಲ್ಲಿ ಉಕ್ಕಿನ ಕಾರ್ಖಾನೆಯೊಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿದ್ದಾಗ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಎದ್ದುಕಾಣುವಂತೆ ಇಳಿಯಿತು. ಕಾರ್ಖಾನೆ ಮತ್ತೆ ತೆರೆದಾಗ ಸಂಖ್ಯೆಯೂ ಮತ್ತೆ ಏರಿತು. ಆರೋಗ್ಯವಾಗಿದ್ದ ಮಗುವಿನಲ್ಲಿ ಹೊಸದಾಗಿ ಅಸ್ತಮಾ ಹುಟ್ಟಲು ಮಾಲಿನ್ಯ ಕಾರಣವಾದೀತೇ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ ಸಾವಿರಾರು ಶಾಲಾಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ: ಅಲ್ಲಿನ ಗಾಳಿ ವರ್ಷದಿಂದ ವರ್ಷಕ್ಕೆ ಸುಧಾರಿಸಿದಂತೆ ಮಕ್ಕಳ ಶ್ವಾಸಕೋಶಗಳು ಹೆಚ್ಚು ಚೆನ್ನಾಗಿ ಬೆಳೆದವು, ಹೊಸ ಅಸ್ತಮಾ ಪ್ರಕರಣಗಳೂ ಕಡಿಮೆಯಾದವು. ಕಾಯಿಲೆಯ ಭಾರದಲ್ಲಿ ಒಂದು ಪಾಲನ್ನಾದರೂ ಇಳಿಸಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಮೊದಲ ಕೆಲಸ: ದಿನಚರಿ

ಯಂತ್ರ ಕೊಳ್ಳುವುದಕ್ಕಿಂತ, ಮನೆ ಬದಲಿಸುವ ಯೋಚನೆಗಿಂತ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡು ಆರು ವಾರಗಳ ಕಾಲ ದಿನವೂ ಎರಡು ನಿಮಿಷ ಬರೆಯಿರಿ. ಎಲ್ಲ ಮಕ್ಕಳೂ ಒಂದೇ ಬಗೆಯ ಗಾಳಿಗೆ ಒಂದೇ ರೀತಿ ಕೆರಳುವುದಿಲ್ಲ. ಒಂದು ಮಗುವಿಗೆ ಚಳಿಗಾಲದ ಹೊಗೆಮಂಜು ಆಗದಿದ್ದರೆ ಇನ್ನೊಂದಕ್ಕೆ ಬೇಸಿಗೆಯ ಮಧ್ಯಾಹ್ನ ಆಗುವುದಿಲ್ಲ. ಮೂರನೆಯದಕ್ಕೆ ನೆಗಡಿ ಬಂದಾಗ ಮಾತ್ರ ಗಾಳಿಯ ಕೆಡುಕು ತಟ್ಟುತ್ತದೆ. ನಿಮ್ಮ ಮಗುವಿನ ಜಾಡು ಯಾವುದೆಂಬುದನ್ನು ಯಾವ ಪುಸ್ತಕವೂ ಹೇಳಲಾರದು, ಆ ನೋಟ್‌ಬುಕ್ ಹೇಳುತ್ತದೆ.

ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮಿನಿಂದ ಎಚ್ಚರವಾಯಿತೇ, ಹಗಲಿನಲ್ಲಿ ಉಬ್ಬಸ ಅಥವಾ ಎದೆ ಬಿಗಿತ ಇತ್ತೇ, ಆಟವನ್ನು ಅರ್ಧಕ್ಕೆ ಬಿಟ್ಟು ಕುಳಿತುಕೊಂಡಿತೇ, ತಕ್ಷಣದ ಉಪಶಮನದ ಇನ್‌ಹೇಲರನ್ನು ಎಷ್ಟು ಸಲ ಬಳಸಬೇಕಾಯಿತು, ನೆಗಡಿ ಅಥವಾ ಜ್ವರ ಇತ್ತೇ ಎಂಬುದನ್ನು ಬರೆಯಬೇಕು. ಇದರ ಪಕ್ಕದಲ್ಲಿ ಆ ದಿನದ ಗಾಳಿಯ ಮಾಲಿನ್ಯದ ಅಂಕಿಯನ್ನೂ, ಮಗು ಹೊರಗೆ ಎಲ್ಲಿ, ಎಷ್ಟು ಹೊತ್ತು ಇತ್ತು ಎಂಬುದನ್ನೂ ದಾಖಲಿಸಬೇಕು. ಆಟ ಬಿಟ್ಟು ಕುಳಿತುಕೊಳ್ಳುವ ವಿಷಯವನ್ನು ವಿಶೇಷವಾಗಿ ಗಮನಿಸಿ. ತನಗೆ ದಣಿವಾಗುತ್ತಿದೆ ಎಂದು ಮಕ್ಕಳು ಹೇಳಿಕೊಳ್ಳುವುದು ಅಪರೂಪ. ಅವರು ಸದ್ದಿಲ್ಲದೆ ಓಡುವ ಆಟಗಳನ್ನು ಕೈಬಿಟ್ಟು ಕುಳಿತು ಆಡುವ ಆಟಗಳಿಗೆ ಹೊರಳುತ್ತಾರೆ, ನಾವು ಅದನ್ನು ಸ್ವಭಾವವೆಂದು ತಿಳಿದು ಸುಮ್ಮನಾಗುತ್ತೇವೆ.

ದಿನಚರಿಯನ್ನು ಓದುವಾಗ ಎರಡು ತಪ್ಪುಗಳಾಗುವುದುಂಟು. ಇಂದಿನ ಉಬ್ಬಸಕ್ಕೆ ಇಂದಿನ ಗಾಳಿಯನ್ನು ಮಾತ್ರ ಹೊಂದಿಸಿ ನೋಡುವುದು ಮೊದಲನೆಯದು. ಮಾಲಿನ್ಯದ ಪರಿಣಾಮ ಹಲವು ಬಾರಿ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ತೋರುತ್ತದೆ. ಹಾಗಾಗಿ ಹಿಂದಿನ ಮೂರು ದಿನಗಳ ಅಂಕಿಗಳನ್ನೂ ಜೊತೆಗಿಟ್ಟು ನೋಡಿ. ಕೆಟ್ಟ ವಾರದ ನಂತರ ಗಾಳಿ ತಿಳಿಯಾದ ಮೊದಲ ದಿನವೇ ಮೈಮರೆಯಬೇಡಿ. ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟುವುದು ಎರಡನೆಯ ತಪ್ಪು. ಮಕ್ಕಳಲ್ಲಿ ಅಸ್ತಮಾ ಉಲ್ಬಣಿಸಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ನೆಗಡಿಯ ವೈರಸ್‌ಗಳೇ. ಆದರೆ ಇವೆರಡೂ ಬೇರೆಬೇರೆಯಾಗಿ ನಿಲ್ಲುವುದಿಲ್ಲ: ಅಸ್ತಮಾ ಇರುವ ಮಕ್ಕಳಲ್ಲಿ ಸೋಂಕಿಗೆ ಮುಂಚಿನ ವಾರ ಹೆಚ್ಚು ನೈಟ್ರೋಜನ್ ಡೈಆಕ್ಸೈಡ್ ಒಳಹೋಗಿದ್ದರೆ, ಅದರ ಮೇಲೆ ಬಂದ ನೆಗಡಿ ಎದೆಯನ್ನು ಹೆಚ್ಚು ಕೆಡಿಸುತ್ತದೆಂದು 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಹಾಗಾದ್ದರಿಂದ ಮೂಗು ಸೋರಲು ಶುರುವಾದ ಮಗುವನ್ನು ಕೆಟ್ಟ ಗಾಳಿಯಿಂದ ಕಾಪಾಡುವುದು ದುಪ್ಪಟ್ಟು ಮುಖ್ಯ.

ಐದಾರು ವರ್ಷ ದಾಟಿದ ಮಗುವಾದರೆ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನವನ್ನೂ ವೈದ್ಯರು ಹೇಳಿಕೊಡಬಹುದು. ಬೆಳಿಗ್ಗೆ ಮತ್ತು ಸಂಜೆ ಒಂದೇ ಹೊತ್ತಿಗೆ ನಿಂತುಕೊಂಡು ಮೂರು ಬಾರಿ ಜೋರಾಗಿ ಊದಿ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಆರೋಗ್ಯವಾಗಿದ್ದ ಎರಡು ವಾರಗಳಲ್ಲಿ ಬಂದ ಅತ್ಯುತ್ತಮ ಅಂಕಿಯೇ ಆ ಮಗುವಿನ ಸ್ವಂತ ಅಳತೆಗೋಲು. ಅದರ 80 ಶೇಕಡಕ್ಕಿಂತ ಕೆಳಗೆ ಇಳಿದರೆ ಎಚ್ಚರಿಕೆ, 50 ಶೇಕಡಕ್ಕಿಂತ ಕೆಳಗೆ ಇಳಿದರೆ ಅಪಾಯ ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಲೆಕ್ಕ.

ಗಾಳಿಯ ಅಂಕಿಗಳನ್ನು ಓದುವುದು

ವಾಯು ಗುಣಮಟ್ಟ ಸೂಚ್ಯಂಕವನ್ನು ಮೊಬೈಲಿನಲ್ಲಿ ನೋಡುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ. ಹಲವು ದೇಶಗಳ ಪದ್ಧತಿಯಲ್ಲಿ ಸೂಚ್ಯಂಕವೆಂದರೆ ಅಳೆದ ವಸ್ತುಗಳಲ್ಲಿ ಅತಿ ಕೆಟ್ಟದ್ದರ ಅಂಕಿ, ಎಲ್ಲವುಗಳ ಸರಾಸರಿಯಲ್ಲ. ಹಾಗಾಗಿ ಇಂದು ಮುಂದಾಳಾಗಿರುವ ವಸ್ತು ಯಾವುದು ಎಂದು ನೋಡದೆ ಬರಿಯ ಸಂಖ್ಯೆಯನ್ನು ನೋಡಿದರೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಕಣಗಳ ಅಂಕಿಯನ್ನು ಅನೇಕ ಕಡೆ 24 ಗಂಟೆಗಳ ಸರಾಸರಿಯಾಗಿ ಕೊಡುವುದರಿಂದ, ಈ ಗಂಟೆಯ ಗಾಳಿ ಅದಕ್ಕಿಂತ ಬಹಳ ಕೆಟ್ಟದ್ದಾಗಿಯೂ ಇರಬಹುದು, ಒಳ್ಳೆಯದಾಗಿಯೂ ಇರಬಹುದು. ಒಂದೇ ಗಾಳಿಗೆ ಎರಡು ದೇಶಗಳ ಸೂಚ್ಯಂಕಗಳು ಬೇರೆ ಬೇರೆ ಬಣ್ಣ ತೋರಿಸುವುದೂ ಉಂಟು, ಏಕೆಂದರೆ ಒಳ್ಳೆಯದು, ಕೆಟ್ಟದ್ದು ಎಂಬ ಮೆಟ್ಟಿಲುಗಳನ್ನು ಪ್ರತಿ ದೇಶವೂ ತನಗೆ ಬೇಕಾದಂತೆ ಕತ್ತರಿಸಿಕೊಂಡಿದೆ.

ಇದಕ್ಕಾಗಿ ಘನಮೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂಬ ಮೂಲ ಅಳತೆಯನ್ನೇ ನೋಡುವ ಅಭ್ಯಾಸ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಪಿಎಂ 2.5 ವಾರ್ಷಿಕ ಸರಾಸರಿಯಲ್ಲಿ 5 ಮೈಕ್ರೋಗ್ರಾಂ, ಒಂದು ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದು. ನೈಟ್ರೋಜನ್ ಡೈಆಕ್ಸೈಡಿಗೆ ವಾರ್ಷಿಕ ಮಿತಿ 10, ದಿನದ ಮಿತಿ 25; ಓಜೋನಿಗೆ ಎಂಟು ಗಂಟೆಗಳ ಮಿತಿ 100. ಜಗತ್ತಿನ ಬಹುಪಾಲು ನಗರಗಳು ಈ ಮಿತಿಗಳನ್ನು ದಾಟಿಯೇ ಇವೆ. ಈ ಗೆರೆಯ ಕೆಳಗೆ ಸಂಪೂರ್ಣ ಸುರಕ್ಷಿತ, ಮೇಲೆ ಸಂಪೂರ್ಣ ಅಪಾಯ ಎಂದೇನೂ ಅಲ್ಲ. ನಿಮ್ಮ ಮಗುವಿನ ಗೆರೆ ಎಲ್ಲಿದೆ ಎಂಬುದನ್ನು ದಿನಚರಿಯೇ ತೋರಿಸಬೇಕು. ಮಾಪನ ಕೇಂದ್ರ ಮನೆಯಿಂದ ಎಷ್ಟು ದೂರವಿದೆ, ರಸ್ತೆಯ ಬದಿಯಲ್ಲಿದೆಯೋ ಉದ್ಯಾನದೊಳಗಿದೆಯೋ ಎಂಬುದನ್ನೂ ಒಮ್ಮೆ ವಿಚಾರಿಸಿಕೊಳ್ಳಿ. ಅಗ್ಗದ ಮನೆಬಳಕೆಯ ಸಂವೇದಕಗಳು ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಕಣಗಳನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಏರಿಳಿತ ತಿಳಿಯಲು ಅವು ಸಾಕು, ನಿಖರ ಸಂಖ್ಯೆಗೆ ಸಾಲವು.

ಹೊತ್ತು ಮತ್ತು ದಾರಿ

ಬೆಳಗಿನ ಗಾಳಿ ಶುದ್ಧವೆಂಬ ಹಳೆಯ ನಂಬಿಕೆ ನಗರದಲ್ಲಿ ಎಲ್ಲ ಕಾಲಕ್ಕೂ ನಿಜವಲ್ಲ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುವುದರಿಂದ ಹೊಗೆ ಮೇಲೇರದೆ ಕೆಳಗೇ ನಿಲ್ಲುತ್ತದೆ. ಬಿಸಿಲೇರಿ ಗಾಳಿ ಕದಲುವವರೆಗೂ ಕಣಗಳ ಪ್ರಮಾಣ ಹೆಚ್ಚಿರುತ್ತದೆ. ಅಂಥ ದಿನಗಳಲ್ಲಿ ಓಟ, ಆಟಗಳನ್ನು ಹೊತ್ತೇರಿದ ನಂತರಕ್ಕೆ ಮುಂದೂಡಬೇಕು. ಬೇಸಿಗೆಯಲ್ಲಿ ಓಜೋನ್ ಹೆಚ್ಚಿರುವ ಊರುಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಮಧ್ಯಾಹ್ನದಿಂದ ಇಳಿಹೊತ್ತಿನವರೆಗೆ ಕೆಟ್ಟದ್ದು, ಬೆಳಿಗ್ಗೆಯೇ ಮೇಲು. ವಾಹನ ದಟ್ಟಣೆ ಕಡಿಮೆಯಿರುವ ಹೊರವಲಯಗಳಲ್ಲಿಯೂ ಓಜೋನ್ ಹೆಚ್ಚಿರಬಹುದು ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಾಳಿ ಕೆಟ್ಟಿದೆಯೆಂದು ಮಗುವನ್ನು ತಿಂಗಳುಗಟ್ಟಲೆ ಮನೆಯೊಳಗೆ ಕೂಡಿಹಾಕುವುದು ಪರಿಹಾರವಲ್ಲ. ಓಡಾಟವಿಲ್ಲದ ಮಗುವಿನ ಉಸಿರಿನ ತಾಕತ್ತು ಕುಗ್ಗುತ್ತದೆ, ತೂಕ ಹೆಚ್ಚುತ್ತದೆ, ಇವೆರಡೂ ಅಸ್ತಮಾವನ್ನು ಇನ್ನಷ್ಟು ಕಷ್ಟವಾಗಿಸುತ್ತವೆ. ತೀರಾ ಕೆಟ್ಟ ದಿನಗಳನ್ನು ಬಿಟ್ಟರೆ ಆಟವನ್ನು ರದ್ದುಪಡಿಸುವ ಬದಲು ಅದರ ಹೊತ್ತನ್ನು, ಜಾಗವನ್ನು, ಬಿರುಸನ್ನು ಬದಲಿಸಿ. ಒಂದು ಗಂಟೆಯ ಫುಟ್‌ಬಾಲ್ ಬದಲಿಗೆ ನಡುನಡುವೆ ವಿರಾಮವಿರುವ ಅರ್ಧ ಗಂಟೆಯ ಆಟವಾದರೂ ಆದೀತು.

ಶಾಲೆಗೆ ಹೋಗುವ ದಾರಿ ದಿನಕ್ಕೆ ಎರಡು ಬಾರಿ, ಅದೂ ವಾಹನಗಳು ಅತಿ ಹೆಚ್ಚಿರುವ ಹೊತ್ತಿನಲ್ಲಿ ಬರುವಂಥದ್ದು. ರಸ್ತೆಯಿಂದ ದೂರ ಸರಿದಂತೆ ವಾಹನಗಳ ಹೊಗೆಯ ಸಾಂದ್ರತೆ ಬೇಗನೆ ಇಳಿಯುತ್ತದೆ. ಸಾಮಾನ್ಯವಾಗಿ 150ರಿಂದ 300 ಮೀಟರ್ ಒಳಗೆ ಅದು ಸುತ್ತಲಿನ ಮಟ್ಟಕ್ಕೆ ಬರುತ್ತದೆ. ಮುಖ್ಯರಸ್ತೆಗೆ ಸಮಾನಾಂತರವಾಗಿರುವ ಒಳದಾರಿ ಐದು ನಿಮಿಷ ಹೆಚ್ಚು ಹಿಡಿದರೂ ಅದನ್ನೇ ಆರಿಸಿಕೊಳ್ಳಿ. ದೊಡ್ಡ ರಸ್ತೆಯಲ್ಲಿಯೇ ನಡೆಯಬೇಕಾದಾಗ ಮಗುವನ್ನು ಕಟ್ಟಡದ ಬದಿಗೆ ಇರಿಸಿಕೊಂಡು, ಸಿಗ್ನಲ್ ಬಳಿ ದಾಟಲು ಕಾಯುವಾಗ ಅಂಚಿನಿಂದ ಕೆಲವು ಹೆಜ್ಜೆ ಹಿಂದೆ ನಿಲ್ಲಿ. ತಳ್ಳುಗಾಡಿಯಲ್ಲಿ ಕೂತ ಕೂಸು ಹೊಗೆ ಕೊಳವೆಯ ಮಟ್ಟದಲ್ಲಿಯೇ ಇರುತ್ತದೆಂಬುದು ನೆನಪಿರಲಿ. ಕಾರಿನೊಳಗೆ ಗಾಳಿ ಶುದ್ಧವಾಗಿರುತ್ತದೆ ಎಂಬುದೂ ಭ್ರಮೆ. ದಟ್ಟಣೆಯಲ್ಲಿ ಮುಂದಿನ ವಾಹನದ ಹೊಗೆ ನೇರವಾಗಿ ಒಳಬರುತ್ತದೆ. ಆ ಸ್ವಲ್ಪ ಹೊತ್ತು ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ, ದಟ್ಟಣೆ ದಾಟಿದ ಮೇಲೆ ಮತ್ತೆ ಹೊರಗಾಳಿ ಬಿಡಿ.

ಮಾಸ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆಯ ಮಾಸ್ಕ್ ಸಣ್ಣ ಕಣಗಳನ್ನು ಅಷ್ಟಾಗಿ ತಡೆಯದು. ಎನ್95 ಬಗೆಯದು ಮುಖಕ್ಕೆ ಸಂದಿಲ್ಲದಂತೆ ಕೂತರೆ ಕಣಗಳನ್ನು ತಡೆಯುತ್ತದೆ, ಆದರೆ ಚಿಕ್ಕ ಮಕ್ಕಳ ಮುಖಕ್ಕೆ ಹಾಗೆ ಕೂರುವುದು ಕಷ್ಟ; ಅನಿಲಗಳನ್ನಂತೂ ಅದು ತಡೆಯುವುದೇ ಇಲ್ಲ. ಮಾಸ್ಕ್ ಹಾಕಿದಾಗ ಮಗು ಏದುಸಿರು ಬಿಟ್ಟರೆ ಕೂಡಲೇ ತೆಗೆಯಿರಿ.

ಮನೆಯೊಳಗಿನ ಗಾಳಿ

ಹೊರಗಿನ ಹೊಗೆಯ ಬಗ್ಗೆ ಆತಂಕಪಡುವ ಎಷ್ಟೋ ಮನೆಗಳಲ್ಲಿ ಒಳಗಿನ ಗಾಳಿಯೇ ಹೆಚ್ಚು ಕೆಟ್ಟಿರುತ್ತದೆ. ಮಗು ಇರುವ ಮನೆಯಲ್ಲಿ ಯಾರೂ ಸಿಗರೇಟು ಸೇದಬಾರದು. ಬಾಲ್ಕನಿಯಲ್ಲಿ ಸೇದಿದರೆ ಪರವಾಗಿಲ್ಲ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ, ಏಕೆಂದರೆ ಹೊಗೆ ಬಾಗಿಲಿನಿಂದಲೂ ಬಟ್ಟೆಯಿಂದಲೂ ಒಳಬರುತ್ತದೆ. ಸೊಳ್ಳೆ ಬತ್ತಿ, ಊದುಬತ್ತಿ, ಮೇಣದ ಬತ್ತಿ ಹೀಗೆ ಉರಿದು ಹೊಗೆ ಬಿಡುವ ಯಾವ ವಸ್ತುವೂ ಮಗು ಮಲಗುವ ಕೋಣೆಯಲ್ಲಿ ಬೇಡ.

ಗ್ಯಾಸ್ ಒಲೆಯನ್ನು ನಾವು ಹೊಗೆಯಿಲ್ಲದ ಒಲೆಯೆಂದು ಎಣಿಸುತ್ತೇವೆ. ಕಟ್ಟಿಗೆಗೆ ಹೋಲಿಸಿದರೆ ಅದು ನಿಜವೇ. ಆದರೂ ಅದರ ನೀಲಿ ಜ್ವಾಲೆಯಿಂದ ಕಣ್ಣಿಗೆ ಕಾಣದ ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ, ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಅದು ರಸ್ತೆಬದಿಯ ಮಟ್ಟವನ್ನೂ ಮೀರಬಹುದು. ಒಲೆ ಹಚ್ಚುವ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ತಿರುಗಲು ಬಿಡಿ; ಆ ಹೊತ್ತಿನಲ್ಲಿ ಮಗುವಿನ ಓದು, ಆಟ ಬೇರೆ ಕೋಣೆಯಲ್ಲಿ ನಡೆಯಲಿ. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ನಿಜವಾಗಿ ಹೊರಗೆ ಕಳುಹಿಸುತ್ತದೆಯೋ ಬರಿದೆ ಸೋಸಿ ಒಳಕ್ಕೇ ಬಿಡುತ್ತದೆಯೋ ನೋಡಿಕೊಳ್ಳಿ, ಎರಡನೆಯ ಬಗೆಯದು ಈ ಅನಿಲಕ್ಕೆ ಹೆಚ್ಚಿನ ಉಪಯೋಗವಿಲ್ಲ.

ಕಿಟಕಿಗಳನ್ನು ಯಾವಾಗಲೂ ಮುಚ್ಚಿಡುವುದೂ ತಪ್ಪು, ಯಾವಾಗಲೂ ತೆರೆದಿಡುವುದೂ ತಪ್ಪು. ಹೊರಗಿನ ಅಂಕಿ ಇಳಿದ ಗಂಟೆಗಳಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆದು ಗಾಳಿ ಹಾಯಿಸಿ, ದಟ್ಟಣೆಯ ಹೊತ್ತಿನಲ್ಲಿ ರಸ್ತೆಯ ಬದಿಯವನ್ನು ಮುಚ್ಚಿ. ಗೋಡೆಯ ತೇವ ಮತ್ತು ಬೂಷ್ಟು ಸ್ವತಃ ಅಸ್ತಮಾವನ್ನು ಕೆರಳಿಸುವುದರಿಂದ ಗಾಳಿಯಾಡದ ಮನೆ ಇನ್ನೊಂದು ತೊಂದರೆಯನ್ನು ತಂದೊಡ್ಡುತ್ತದೆ. ಒಣ ಪೊರಕೆ ಧೂಳನ್ನು ಎಬ್ಬಿಸಿ ಗಾಳಿಗೆ ಬಿಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು.

ಏರ್ ಪ್ಯೂರಿಫೈಯರ್ ಕೊಳ್ಳಲು ಶಕ್ತಿಯಿದ್ದರೆ ಒಂದೇ ಒಂದನ್ನು ಕೊಂಡು ಮಗು ಮಲಗುವ ಕೋಣೆಯಲ್ಲಿಡಿ, ಏಕೆಂದರೆ ಶಾಲಾ ವಯಸ್ಸಿನ ಮಗು ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ಕಳೆಯುವ ಜಾಗ ಅದು. ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರಬೇಕು, ಮತ್ತು ಯಂತ್ರದ ಶುದ್ಧಗಾಳಿ ಸಾಮರ್ಥ್ಯ, ಅಂದರೆ ಗಂಟೆಗೆ ಎಷ್ಟು ಗಾಳಿಯನ್ನು ಸೋಸಿ ಕೊಡುತ್ತದೆ ಎಂಬ ಅಳತೆ, ಕೋಣೆಗೆ ತಕ್ಕಷ್ಟಿರಬೇಕು. ಲೆಕ್ಕ ಸರಳ: ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಮತ್ತೆ ಐದರಿಂದ ಗುಣಿಸಿ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಗೆ ಗಂಟೆಗೆ 180 ಘನಮೀಟರ್ ಸಾಮರ್ಥ್ಯ ಬೇಕು, ಆಗ ಕೋಣೆಯ ಗಾಳಿ ಗಂಟೆಗೆ ಐದು ಬಾರಿ ಸೋಸಿದಂತಾಗುತ್ತದೆ. ಸದ್ದು ತಾಳಲಾರದೆ ರಾತ್ರಿ ಅತಿ ಕಡಿಮೆ ವೇಗದಲ್ಲಿ ಓಡಿಸಿದರೆ ಈ ಲೆಕ್ಕವೇ ಹಾಳಾಗುವುದರಿಂದ, ಸಾಮರ್ಥ್ಯ ಸ್ವಲ್ಪ ಹೆಚ್ಚಿರುವುದನ್ನೇ ಆರಿಸುವುದು ಜಾಣತನ. ಹೆಪಾ ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲಗಳನ್ನಲ್ಲ. ಓಜೋನ್ ಹೊರಬಿಟ್ಟು ಗಾಳಿ ಶುದ್ಧಗೊಳಿಸುತ್ತೇವೆನ್ನುವ ಯಂತ್ರಗಳನ್ನು ಅಸ್ತಮಾ ಇರುವ ಮಗುವಿನ ಬಳಿ ತರಲೇಬೇಡಿ.

ಔಷಧ: ಎಲ್ಲಕ್ಕಿಂತ ಗಟ್ಟಿಯಾದ ರಕ್ಷಣೆ

ಇದುವರೆಗೆ ಹೇಳಿದ್ದೆಲ್ಲವನ್ನೂ ಮಾಡಿ, ಔಷಧವನ್ನು ಮಾತ್ರ ಸರಿಯಾಗಿ ಕೊಡದಿದ್ದರೆ ಮಗುವಿಗೆ ರಕ್ಷಣೆ ಸಿಗುವುದಿಲ್ಲ. ಅಸ್ತಮಾದ ಇನ್‌ಹೇಲರ್‌ಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್‌ನಂಥ ಉಪಶಮನದ ಇನ್‌ಹೇಲರ್‌ಗಳು ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತವೆ, ಆದರೆ ಒಳಗಿನ ಉರಿಯೂತವನ್ನು ಮುಟ್ಟುವುದಿಲ್ಲ. ಬ್ಯೂಡೆಸೊನೈಡ್, ಫ್ಲೂಟಿಕಾಸೋನ್, ಬೆಕ್ಲೊಮೆಥಾಸೋನ್‌ನಂಥ ಸ್ಟೆರಾಯ್ಡ್ ಇನ್‌ಹೇಲರ್‌ಗಳು ತಕ್ಷಣ ಏನನ್ನೂ ತೋರಿಸುವುದಿಲ್ಲ. ದಿನವೂ ತೆಗೆದುಕೊಂಡಾಗ ವಾರಗಳಲ್ಲಿ ಉರಿಯೂತವನ್ನು ತಗ್ಗಿಸಿ, ಅದೇ ಹೊಗೆ ನಾಳಗಳನ್ನು ಅಷ್ಟಾಗಿ ಕೆರಳಿಸದಂತೆ ಮಾಡುತ್ತವೆ. ಕೆಟ್ಟ ಗಾಳಿಯ ನಗರದಲ್ಲಿ ಮಗುವಿಗೆ ತೊಡಿಸಬಹುದಾದ ಕವಚವೆಂದರೆ ಈ ಎರಡನೆಯದೇ. ಉಪಶಮನದ ಇನ್‌ಹೇಲರನ್ನೇ ನೆಚ್ಚಿಕೊಂಡಿರುವುದು ಅಪಾಯಕಾರಿ. ಆರು ವರ್ಷ ದಾಟಿದ ಮಗುವಿಗೆ ಅದು ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ, ಐದು ವರ್ಷದವರೆಗಿನ ಮಗುವಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಬೇಕಾಗುತ್ತಿದ್ದರೆ, ಅಥವಾ ರಾತ್ರಿ ಒಮ್ಮೆಯಾದರೂ ಕೆಮ್ಮಿ ಎಚ್ಚರವಾಗುತ್ತಿದ್ದರೆ, ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ಅರ್ಥ.

ಸ್ಟೆರಾಯ್ಡ್ ಎಂಬ ಹೆಸರು ಕೇಳಿ ಹೆದರಿ, ಕೆಮ್ಮು ನಿಂತ ಮರುದಿನವೇ ಔಷಧ ನಿಲ್ಲಿಸುವ ಮನೆಗಳು ಬಹಳ. ಆ ಭಯವನ್ನು ತಳ್ಳಿಹಾಕದೆ ಉತ್ತರ ಕೊಡಬೇಕು. ಇನ್‌ಹೇಲರಿನಲ್ಲಿರುವ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ ಇರುತ್ತದೆ, ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ದೀರ್ಘಕಾಲದ ಬಳಕೆಯಿಂದ ಮಗುವಿನ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರಿನಷ್ಟು ವ್ಯತ್ಯಾಸವಾಗಬಹುದು ಎಂಬುದು ನಿಜ, ಅದು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿ ಆಗಿ ನಿಲ್ಲುತ್ತದೆ. ಹತೋಟಿಯಿಲ್ಲದ ಅಸ್ತಮಾ ಮತ್ತು ಅದಕ್ಕಾಗಿ ಪದೇ ಪದೇ ನುಂಗಿಸಬೇಕಾದ ಸ್ಟೆರಾಯ್ಡ್ ಮಾತ್ರೆಗಳು ಮಾಡುವ ಹಾನಿ ಇದಕ್ಕಿಂತ ಎಷ್ಟೋ ದೊಡ್ಡದು.

ಔಷಧ ಎದೆಗೆ ತಲುಪುವುದು ಕೈಯ ಅಭ್ಯಾಸದಿಂದ. ಒತ್ತುವ ಬಗೆಯ ಇನ್‌ಹೇಲರನ್ನು ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರಿಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಕೊಡಬಾರದು, ಕೊಟ್ಟರೆ ಬಹುಪಾಲು ಔಷಧ ಗಂಟಲಿಗೇ ಅಂಟಿಕೊಳ್ಳುತ್ತದೆ. ಮೂರು ನಾಲ್ಕು ವರ್ಷದೊಳಗಿನ ಮಗುವಿಗೆ ಸ್ಪೇಸರಿನ ತುದಿಗೆ ಮುಖಗವಸು ಬೇಕು, ಅದು ಬಾಯಿ ಮೂಗುಗಳ ಸುತ್ತ ಸಂದಿಲ್ಲದಂತೆ ಕೂರಬೇಕು; ದೊಡ್ಡ ಮಗು ಬಾಯಿಕೊಳವೆಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿಯಬೇಕು. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ, ಒಂದು ಸಲ ಮಾತ್ರ ಒತ್ತಿ, ಮಗು ನಾಲ್ಕರಿಂದ ಆರು ಬಾರಿ ಸಾವಕಾಶವಾಗಿ ಉಸಿರಾಡಲು ಬಿಡಿ. ಎರಡನೆಯ ಸಲಕ್ಕೆ ಅರ್ಧ ನಿಮಿಷ ಕಾದು, ಮತ್ತೆ ಕುಲುಕಿ ಒತ್ತಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಕೂಡಿಕೊಂಡು ಸ್ಪೇಸರಿನ ಗೋಡೆಗೆ ಹತ್ತುತ್ತವೆ. ಅಳುವ ಮಗುವಿಗೆ ಕೊಟ್ಟ ಔಷಧ ಸರಿಯಾಗಿ ಒಳಹೋಗದು, ಆದ್ದರಿಂದ ಸಮಾಧಾನಪಡಿಸಿಯೇ ಕೊಡಿ. ಸ್ಟೆರಾಯ್ಡ್ ಇನ್‌ಹೇಲರ್ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು, ಮುಖಗವಸು ಬಳಸಿದ್ದರೆ ಮುಖವನ್ನೂ ಒರೆಸಬೇಕು. ಸ್ಪೇಸರನ್ನು ತಿಂಗಳಿಗೊಮ್ಮೆಯಾದರೂ ಸೋಪಿನ ನೀರಿನಲ್ಲಿ ಅದ್ದಿ ತೊಳೆದು, ಬಟ್ಟೆಯಿಂದ ಒರೆಸದೆ ತಾನಾಗಿ ಒಣಗಲು ಬಿಡಿ, ಏಕೆಂದರೆ ಉಜ್ಜಿದಾಗ ಪ್ಲಾಸ್ಟಿಕ್ಕಿನಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಔಷಧವನ್ನು ಗೋಡೆಗೆ ಸೆಳೆಯುತ್ತದೆ. ಪ್ರತಿ ಭೇಟಿಯಲ್ಲಿಯೂ ವೈದ್ಯರ ಅಥವಾ ದಾದಿಯರ ಎದುರು ಒಮ್ಮೆ ಮಾಡಿ ತೋರಿಸಿ. ವರ್ಷಗಳಿಂದ ಬಳಸುತ್ತಿರುವವರಲ್ಲಿಯೂ ತಪ್ಪುಗಳು ನುಸುಳಿರುತ್ತವೆ.

ಬರೆದಿಟ್ಟ ಯೋಜನೆ ಮತ್ತು ತುರ್ತು ಹೊತ್ತು

ರಾತ್ರಿ ಎರಡು ಗಂಟೆಗೆ ಮಗು ಏದುಸಿರು ಬಿಡುವಾಗ ಯಾರ ನೆನಪೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಹಸಿರು, ಹಳದಿ, ಕೆಂಪು ಎಂಬ ಮೂರು ಹಂತಗಳ ಲಿಖಿತ ಯೋಜನೆಯನ್ನು ವೈದ್ಯರಿಂದ ಕೇಳಿ ಪಡೆಯಿರಿ. ಮಗು ಚೆನ್ನಾಗಿರುವಾಗ ದಿನದ ಔಷಧ ಯಾವುದು, ಕೆಮ್ಮು ಶುರುವಾದಾಗ ಏನನ್ನು ಎಷ್ಟು ಹೆಚ್ಚಿಸಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂಬುದು ಅದರಲ್ಲಿರಬೇಕು. ನಿಮ್ಮ ದಿನಚರಿಯನ್ನು ತೋರಿಸಿ, ಗಾಳಿ ಕೆಟ್ಟ ದಿನಗಳಲ್ಲಿ ಮತ್ತು ಆಟಕ್ಕೆ ಮುಂಚೆ ಏನು ಮಾಡಬೇಕೆಂಬ ಒಂದು ಸಾಲನ್ನೂ ಅದಕ್ಕೆ ಸೇರಿಸಲು ಕೇಳಿ. ಕೇಳದಿದ್ದರೆ ಆ ಸಾಲು ಸಾಮಾನ್ಯವಾಗಿ ಇರುವುದೇ ಇಲ್ಲ.

ಉಬ್ಬಸ ಏರಿದಾಗ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ. ಬೇರೆ ಯೋಜನೆ ಕೈಯಲ್ಲಿಲ್ಲದಿದ್ದರೆ ಬಳಕೆಯಲ್ಲಿರುವ ಕ್ರಮ ಹೀಗಿದೆ: ಉಪಶಮನದ ಇನ್‌ಹೇಲರನ್ನು ಸ್ಪೇಸರಿನ ಮೂಲಕ ಒಂದೊಂದಾಗಿ ನಾಲ್ಕು ಸಲ ಒತ್ತಿ, ಪ್ರತಿ ಒತ್ತಿಗೂ ನಾಲ್ಕು ಉಸಿರು ಎಳೆಸಿ, ನಾಲ್ಕು ನಿಮಿಷ ಕಾಯಬೇಕು, ಸುಧಾರಿಸದಿದ್ದರೆ ಇನ್ನೊಮ್ಮೆ ಹಾಗೆಯೇ ಮಾಡಬೇಕು. ಆಗಲೂ ಹತೋಟಿಗೆ ಬಾರದಿದ್ದರೆ ಆಂಬುಲೆನ್ಸ್ ಕರೆಯಬೇಕು, ಅದು ಬರುವವರೆಗೂ ಇದನ್ನೇ ಮುಂದುವರಿಸಬೇಕು. ಮಗು ಒಂದು ವಾಕ್ಯವನ್ನು ಪೂರ್ತಿ ಹೇಳಲಾರದೆ ನಿಲ್ಲಿಸಿದರೆ, ಪಕ್ಕೆಲುಬುಗಳ ನಡುವೆ ಅಥವಾ ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಕಾಗಿ ತೂಕಡಿಸಿದರೆ ಎರಡನೆಯ ಸುತ್ತಿಗೆ ಕಾಯದೆ ಕೂಡಲೇ ಕರೆ ಮಾಡಿ. ಜೋರಾಗಿದ್ದ ಸುಯ್ಯೆನ್ನುವ ಸದ್ದು ಮಗು ಇನ್ನೂ ಒದ್ದಾಡುತ್ತಿರುವಾಗಲೇ ನಿಂತುಹೋದರೆ ಅದು ಗುಣವಾದ ಗುರುತಲ್ಲ. ಗಾಳಿಯೇ ಹಾಯದಷ್ಟು ನಾಳಗಳು ಮುಚ್ಚಿವೆ ಎಂಬ ಅತಿ ಗಂಭೀರ ಸೂಚನೆ ಅದು.

ಯೋಜನೆಯ ಒಂದು ಪ್ರತಿ, ಒಂದು ಇನ್‌ಹೇಲರ್ ಮತ್ತು ಸ್ಪೇಸರ್ ಶಾಲೆಯಲ್ಲಿಯೂ ಇರಬೇಕು. ಅದು ಬೀಗ ಹಾಕಿದ ಕಪಾಟಿನಲ್ಲಿರದೆ ಮಗುವಿಗೆ ಅಥವಾ ತರಗತಿಯ ಶಿಕ್ಷಕರಿಗೆ ಒಂದು ನಿಮಿಷದೊಳಗೆ ಸಿಗುವಂತಿರಬೇಕು. ಶಾಲೆಯ ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ನಿಲ್ಲುವ ವಾಹನಗಳ ಬಗ್ಗೆ ಇತರ ಪೋಷಕರೊಂದಿಗೆ ಸೇರಿ ಮಾತನಾಡಿ. ಗಾಳಿ ಕೆಟ್ಟ ದಿನ ಮೈದಾನದ ಓಟವನ್ನು ಒಳಾಂಗಣದ ಆಟಕ್ಕೆ ಬದಲಿಸುವ ನಿಯಮವೊಂದನ್ನು ಶಾಲೆ ಮುಂಚಿತವಾಗಿಯೇ ಮಾಡಿಕೊಂಡರೆ, ಅಸ್ತಮಾ ಇರುವ ಮಗು ಒಬ್ಬನೇ ಬೇರೆಯಾಗಿ ಕೂರಬೇಕಾದ ಸಂಕಟ ತಪ್ಪುತ್ತದೆ.

ಮಗು ಮೂರು ತಿಂಗಳು ಯಾವ ತೊಂದರೆಯೂ ಇಲ್ಲದೆ ಇದ್ದರೆ ವೈದ್ಯರು ನಿತ್ಯದ ಔಷಧದ ಪ್ರಮಾಣವನ್ನು ಇಳಿಸುವ ಮಾತೆತ್ತುತ್ತಾರೆ. ಆ ದಿನ ದಿನಚರಿಯನ್ನು ಕೊಂಡೊಯ್ದು, ನಿಮ್ಮ ಊರಿನಲ್ಲಿ ಗಾಳಿ ಅತಿ ಕೆಡುವ ತಿಂಗಳುಗಳು ಯಾವುವು, ಕಳೆದ ವರ್ಷ ಆ ತಿಂಗಳುಗಳಲ್ಲಿ ಮಗು ಹೇಗಿತ್ತು ಎಂಬುದನ್ನು ತೋರಿಸಿ. ಕೆಟ್ಟ ಕಾಲ ಹೊಸ್ತಿಲಲ್ಲಿರುವಾಗ, ಮಗುವಿಗೆ ನೆಗಡಿ ಇರುವಾಗ ಅಥವಾ ದೂರದ ಪ್ರಯಾಣದ ಮುಂಚೆ ಇಳಿಸುವುದು ಬೇಡವೆಂದು ಕೇಳಿಕೊಳ್ಳಿ. ಇಳಿಸಿದ ಮೇಲೆ ನಾಲ್ಕು ವಾರ ಮತ್ತೆ ದಿನವೂ ಬರೆಯಿರಿ. ರಾತ್ರಿಯ ಕೆಮ್ಮು ಮರಳಿದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ವೈದ್ಯರಿಗೆ ಆ ಪುಟವನ್ನು ತೋರಿಸಿ.